ಗುರುವಿನ ಐದನೇ ಚಂದ್ರನನ್ನು ಕಂಡವರು



ಈ ತಿಂಗಳ ಗೋಡೆ ಪತ್ರಿಕೆಗೆ ಮಹಾಪುರುಷರ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದಾಗ ಎಲ್ಲರೂ ಒಬ್ಬೊಬ್ಬರ ಹೆಸರು ಹೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ, ಸಿ.ವಿ. ರಾಮನ್ ಎಲ್ಲರೂ ಹಂಚಿಹೋದರು. ನಾನು ಕೂತಿರುವುದು ಕೊನೇ ಸಾಲಿನಲ್ಲಿ. ನನ್ನ ಸರದಿ ಬರುವಷ್ಟರಲ್ಲಿ ನನಗೆ ಗೊತ್ತಿದ್ದ ಹೆಸರೆಲ್ಲ ಮುಗಿದಿತ್ತು. ಗುರು ಗ್ರಹದ ಒಂದು ಸಣ್ಣ ಚಂದ್ರನ ಬಗ್ಗೆ ಬರೆಯುತ್ತೇನೆ ಅಂದುಬಿಟ್ಟೆ. ಚಂದ್ರನಿಗೆ ಎಲ್ಲಿಯ ಜೀವನ ಚರಿತ್ರೆ ಅಂತ ಎಲ್ಲರೂ ನಕ್ಕರು. ಆಗ ವಿಜ್ಞಾನದ ಮೇಷ್ಟ್ರು, ಆ ಚಂದ್ರನನ್ನು ಮೊದಲು ಕಂಡವರ ಚರಿತ್ರೆ ಬರೆದರೆ ಎರಡೂ ಆಗುತ್ತದೆ ಅಂತ ಹೇಳಿ ನನ್ನನ್ನು ಉಳಿಸಿದರು. ಪುಸ್ತಕ ಹುಡುಕಿಕೊಟ್ಟವರೂ, ಇಂಗ್ಲಿಷಿನಲ್ಲಿ ಇದ್ದದ್ದನ್ನು ಓದಿ ಹೇಳಿದವರೂ ಅವರೇ. ನಾನು ಇವರ ಚರಿತ್ರೆಯನ್ನೇ ಬರೆಯಲು ಇನ್ನೊಂದು ಕಾರಣ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಗುರು ಅಂದರೆ ಇಲ್ಲಿ ಮೇಷ್ಟ್ರಲ್ಲ, ಗ್ರಹ. ಸೂರ್ಯನ ಸುತ್ತ ಸುತ್ತುವ ಗ್ರಹಗಳಲ್ಲೆಲ್ಲ ಅದೇ ದೊಡ್ಡದು. ಅದರ ವ್ಯಾಸ ಸುಮಾರು 1,40,000 ಕಿಲೋಮೀಟರ್. ಅಂದರೆ ಹನ್ನೊಂದು ಭೂಮಿಗಳನ್ನು ಸಾಲಾಗಿ ಜೋಡಿಸಿದಷ್ಟು. ಅಂಥ ದೈತ್ಯನ ಸುತ್ತ ಓಡುವ ಒಂದು ಪುಟ್ಟ ಚಂದ್ರನ ಹೆಸರು ಅಮಾಲ್ಥಿಯಾ. ಅದನ್ನು ಮೊದಲು ಕಂಡವರು ಅಮೆರಿಕ ದೇಶದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್.

ಎಡ್ವರ್ಡ್ 1857ನೇ ಇಸವಿ ಡಿಸೆಂಬರ್ 16ರಂದು ಟೆನೆಸೀ ರಾಜ್ಯದ ನ್ಯಾಶ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದ. ಅವನು ಹುಟ್ಟುವ ಮೊದಲೇ ತಂದೆ ತೀರಿಹೋಗಿದ್ದರು. ಅವನಿಗೊಬ್ಬ ಅಣ್ಣ. ತಾಯಿಯ ಹೆಸರು ಎಲಿಜಬೆತ್. ಆಕೆ ಮೇಣದ ಹೂವುಗಳನ್ನು ಮಾಡಿ ಅದರಲ್ಲಿ ಬಂದ ದುಡ್ಡಿನಿಂದ ಇಬ್ಬರು ಮಕ್ಕಳನ್ನು ಸಾಕಿದರು. ಮೇಣದ ಹೂವಿಗೆ ಎಷ್ಟು ದುಡ್ಡು ಬರುತ್ತೆ ಹೇಳಿ. ಮನೆಯಲ್ಲಿ ಬಡತನವೋ ಬಡತನ.

ಸಾಲದ್ದಕ್ಕೆ ಅವನಿಗೆ ಮೂರು ವರ್ಷ ಆಗಿದ್ದಾಗ, 1861ರಲ್ಲಿ, ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ದೊಡ್ಡ ಅಂತರ್ಯುದ್ಧ ಶುರುವಾಯಿತು. 1864ರ ಡಿಸೆಂಬರಿನಲ್ಲಿ ನ್ಯಾಶ್‌ವಿಲ್ ಊರಿನ ಅಂಚಿನಲ್ಲೇ ಭಾರಿ ಕದನ ನಡೆಯಿತು. ಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ ಕಾಲರಾ ಬಂತು. ಎಡ್ವರ್ಡನಿಗೂ ಕಾಲರಾ ತಗಲಿತು. ಹೇಗೋ ಬದುಕಿಕೊಂಡ. ಇಷ್ಟರ ನಡುವೆ ಅವನು ಶಾಲೆಗೆ ಹೋದದ್ದು ಒಟ್ಟು ಎರಡೇ ತಿಂಗಳು. ಓದು ಬರಹ ಕಲಿಸಿದ್ದು ತಾಯಿಯೇ.

ಆ ದಿನಗಳಲ್ಲಿ ಬೇಸಿಗೆ ಸೆಕೆಗೆ ಅವನು ಮನೆ ಅಂಗಳದಲ್ಲಿದ್ದ ಹಳೇ ಗಾಡಿಯಲ್ಲಿ ಅಂಗಾತ ಮಲಗಿ ನಕ್ಷತ್ರ ನೋಡುತ್ತಿದ್ದ. ನಾವು ಕಣದಲ್ಲಿ ಮಲಗಿದಾಗ ನೋಡುತ್ತೇವಲ್ಲ, ಹಾಗೆ. ನೆತ್ತಿ ಮೇಲೆ ಬರುತ್ತಿದ್ದ ಒಂದು ಬಿಳಿ ನಕ್ಷತ್ರ ಅವನಿಗೆ ಬಹಳ ಇಷ್ಟ. ಅದರ ಹೆಸರು ಏನು ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ. ಅದು ಅಭಿಜಿತ್ ನಕ್ಷತ್ರ ಅಂತ ಅವನಿಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಒಂಬತ್ತನೇ ವರ್ಷಕ್ಕೆ ತಾಯಿ ಅವನನ್ನು ಒಂದು ಫೋಟೋ ಸ್ಟುಡಿಯೋಕ್ಕೆ ಕೆಲಸಕ್ಕೆ ಸೇರಿಸಿದರು. ಅಲ್ಲಿ ಅವನ ಕೆಲಸ ಏನು ಗೊತ್ತಾ? ಸೂರ್ಯನನ್ನು ಕಾಯುವುದು!

ನಾನು ಮೊದಲು ಇದನ್ನು ಕೇಳಿದಾಗ ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಆಗ ಫೋಟೋ ದೊಡ್ಡದು ಮಾಡಲು ಸಾಕಷ್ಟು ಬೆಳಕು ಕೊಡುವ ಕರೆಂಟು ದೀಪ ಇರಲಿಲ್ಲ. ಸ್ಟುಡಿಯೋದ ಮಾಡಿನ ಮೇಲೆ ಒಂದು ದೊಡ್ಡ ಯಂತ್ರ ಇಟ್ಟು, ಅದರ ಮಸೂರದಿಂದ ಬಿಸಿಲನ್ನು ಒಟ್ಟುಗೂಡಿಸಿ, ನೆಗೆಟಿವ್ ಮೂಲಕ ಹಾಯಿಸಿ ಕಾಗದದ ಮೇಲೆ ಬೀಳಿಸುತ್ತಿದ್ದರು. ಒಂದು ಚಿತ್ರ ಮೂಡಲು ಬಹಳ ಹೊತ್ತು ಬೇಕು. ಸೂರ್ಯ ಒಂದೇ ಕಡೆ ನಿಲ್ಲುವುದಿಲ್ಲವಲ್ಲ, ಪಶ್ಚಿಮಕ್ಕೆ ಸರಿಯುತ್ತಲೇ ಇರುತ್ತಾನೆ. ಅವನು ಸರಿದಂತೆಲ್ಲ ಒಬ್ಬರು ಚಕ್ರ ತಿರುಗಿಸುತ್ತಾ ಯಂತ್ರದ ಮುಖವನ್ನೂ ಸರಿಸುತ್ತಿರಬೇಕು. ಸ್ವಲ್ಪ ಮೈಮರೆತರೂ ಚಿತ್ರ ಕೆಡುತ್ತೆ. ಅವನಿಗಿಂತ ಮುಂಚೆ ಈ ಕೆಲಸಕ್ಕೆ ಬಂದ ಹುಡುಗರೆಲ್ಲ ಬಿಸಿಲಿಗೆ ತೂಕಡಿಸಿ ನಿದ್ದೆ ಹೋಗುತ್ತಿದ್ದರಂತೆ. ಎಡ್ವರ್ಡ್ ನಿದ್ದೆ ಮಾಡಲಿಲ್ಲ. ಬೆಳಗ್ಗೆಯಿಂದ ಸಾಯಂಕಾಲದವರೆಗೆ ಕಣ್ಣು ಮಿಟುಕಿಸದೆ ಸೂರ್ಯನನ್ನು ಕಾದ.

ನಾವು ದನ ಕಾಯುತ್ತೇವೆ. ಕಾಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹೋದ ಬೇಸಿಗೆ ರಜದಲ್ಲಿ ನಾನು ಹೊಂಗೆ ಮರದ ಕೆಳಗೆ ಅರ್ಧ ಗಂಟೆ ಕಣ್ಣು ಮುಚ್ಚಿದ್ದಕ್ಕೆ ನಮ್ಮ ಹಸು ಪಕ್ಕದವರ ಜೋಳದ ಹೊಲ ಹೊಕ್ಕು ನಾನು ಅಪ್ಪನ ಕೈಲಿ ಚೆನ್ನಾಗಿ ಬೈಸಿಕೊಂಡೆ. ಇವನು ಒಂಬತ್ತು ವರ್ಷದ ಹುಡುಗ, ಸೂರ್ಯನನ್ನೇ ಅತ್ತಿತ್ತ ಹೋಗದ ಹಾಗೆ ಕಾದ ಅಂದರೆ ಸಾಮಾನ್ಯ ಅಲ್ಲ. ಇನ್ನೂ ಒಂದು ವಿಚಿತ್ರ ಕೇಳಿ. ಸ್ಟುಡಿಯೋದವರು ಆ ಯಂತ್ರಕ್ಕೆ ಇಟ್ಟಿದ್ದ ಹೆಸರು ಜುಪಿಟರ್. ಜುಪಿಟರ್ ಅಂದರೆ ಗುರು ಗ್ರಹ! ಮುಂದೆ ಅವನಿಗೆ ಕೀರ್ತಿ ತಂದದ್ದೂ ಅದೇ.

ಸ್ಟುಡಿಯೋದಿಂದ ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ದಾರಿಯಲ್ಲಿ ಅವನು ಒಂದು ಹಳದಿ ನಕ್ಷತ್ರವನ್ನು ದಿನಾ ನೋಡುತ್ತಿದ್ದ. ಅದು ಬೇರೆ ನಕ್ಷತ್ರಗಳ ನಡುವೆ ನಿಧಾನವಾಗಿ ಜಾಗ ಬದಲಾಯಿಸುತ್ತಿತ್ತು. ಯಾರೂ ಹೇಳಿಕೊಡದೆ ಅವನೇ ಅದನ್ನು ಗುರುತು ಹಿಡಿದ. ಅದು ನಕ್ಷತ್ರ ಅಲ್ಲ, ಶನಿ ಗ್ರಹ ಅಂತ ಆಮೇಲೆ ತಿಳಿಯಿತು.

ಅವನ ಕೈಗೆ ಮೊದಲ ಖಗೋಳ ಪುಸ್ತಕ ಬಂದದ್ದು ಹತ್ತೊಂಬತ್ತರ ಹತ್ತಿರ ಹತ್ತಿರ ಇದ್ದಾಗ. ಅದೂ ಒಂದು ಕಥೆ. ಪರಿಚಯದವನೊಬ್ಬ ಬಂದು ಎರಡು ಡಾಲರ್ ಸಾಲ ಕೇಳಿದ. ಅಡವಿಗೆ ಅಂತ ಒಂದು ಪುಸ್ತಕ ಬಿಟ್ಟುಹೋದ. ಅವನು ಒಳ್ಳೆಯವನಲ್ಲ, ಸಾಲ ತೀರಿಸಲು ಬರಲೇ ಇಲ್ಲ. ಎರಡು ಡಾಲರ್ ಹೋಯಿತಲ್ಲ ಅಂತ ಎಡ್ವರ್ಡ್ ಬೇಜಾರಿನಲ್ಲೇ ಪುಸ್ತಕ ತೆರೆದ. ಅದು ಥಾಮಸ್ ಡಿಕ್ ಎಂಬುವರು ಬರೆದ ಖಗೋಳದ ಪುಸ್ತಕ. ಒಳಗೆ ನಕ್ಷತ್ರಗಳ ನಕ್ಷೆ ಇತ್ತು. ಅವನು ನಕ್ಷೆ ಹಿಡಿದು ಕಿಟಕಿಯಿಂದ ಆಕಾಶ ನೋಡಿದ. ಚಿಕ್ಕಂದಿನಿಂದ ನೋಡುತ್ತಿದ್ದ ನಕ್ಷತ್ರಗಳೆಲ್ಲ ಹೆಸರು ಸಮೇತ ಅಲ್ಲೇ ಇದ್ದವು. ಒಂದು ಗಂಟೆಯೊಳಗೆ ಹಳೇ ಸ್ನೇಹಿತರ ಹೆಸರೆಲ್ಲ ಕಲಿತುಬಿಟ್ಟ. ವಾಪಸು ಬಾರದ ಸಾಲದಿಂದ ಇಷ್ಟು ಲಾಭ ಯಾರಿಗೂ ಆಗಿರಲಾರದು.

ಆ ವರ್ಷವೇ, 1876ರಲ್ಲಿ, ಅವನು 5 ಇಂಚಿನ ಮಸೂರದ ಒಂದು ದೂರದರ್ಶಕ ಕೊಂಡ. ಬೆಲೆ 380 ಡಾಲರ್. ಅದು ಅವನ ಒಂದು ವರ್ಷದ ಸಂಬಳದ ಮೂರರಲ್ಲಿ ಎರಡು ಭಾಗ. ಅಂದರೆ ಎಂಟು ತಿಂಗಳ ದುಡಿಮೆ. ಮನೆಯಲ್ಲಿ ಕಾಯಿಲೆಯ ತಾಯಿಯನ್ನು ಇಟ್ಟುಕೊಂಡು ಎಂಟು ತಿಂಗಳ ಸಂಬಳವನ್ನು ಆಕಾಶ ನೋಡಲು ಕೊಡುವುದಕ್ಕೆ ಎಂಥ ಗುಂಡಿಗೆ ಬೇಕು! ಸ್ವಂತ ದುಡಿಮೆಯಲ್ಲಿ ದೂರದರ್ಶಕ ಕೊಂಡವರನ್ನು ಏಕವಚನದಲ್ಲಿ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಇನ್ನು ಮುಂದೆ ಅವರು ಅಂತಲೇ ಬರೆಯುತ್ತೇನೆ.

1877ರಲ್ಲಿ ನ್ಯಾಶ್‌ವಿಲ್ಲಿನಲ್ಲಿ ಅಮೆರಿಕದ ವಿಜ್ಞಾನಿಗಳ ದೊಡ್ಡ ಸಮ್ಮೇಳನ ನಡೆಯಿತು. ಸೈಮನ್ ನ್ಯೂಕೋಂಬ್ ಎಂಬ ಪ್ರಸಿದ್ಧ ಖಗೋಳ ವಿಜ್ಞಾನಿ ಬಂದಿದ್ದರು. ಬರ್ನಾರ್ಡ್ ಧೈರ್ಯ ಮಾಡಿ ಹೋಗಿ ಅವರನ್ನು ಕಂಡರು. ನನ್ನ ಹತ್ತಿರ ಒಂದು ದೂರದರ್ಶಕ ಇದೆ, ನಾನೇನು ಮಾಡಬಹುದು ಅಂತ ಕೇಳಿದರು. ನ್ಯೂಕೋಂಬ್ ಗಣಿತ ಬರುತ್ತದೆಯೇ ಅಂತ ವಿಚಾರಿಸಿದರು. ಬರುವುದಿಲ್ಲ. ಹಾಗಾದರೆ ದೂರದರ್ಶಕ ಪಕ್ಕಕ್ಕಿಟ್ಟು ಮೊದಲು ಗಣಿತ ಕಲಿ, ಇಲ್ಲದಿದ್ದರೆ ಧೂಮಕೇತು ಹುಡುಕುವುದು ಬಿಟ್ಟು ಬೇರೇನೂ ನಿನ್ನಿಂದ ಆಗದು ಅನ್ನುವ ಅರ್ಥದಲ್ಲಿ ಹೇಳಿದರು. ಬರ್ನಾರ್ಡ್ ಅವರಿಗೆ ಎಷ್ಟು ನೋವಾಯಿತು ಅಂದರೆ, ಒಂದು ಕಂಬದ ಮರೆಗೆ ಹೋಗಿ ನಿಂತು ಅತ್ತರಂತೆ. ಅವರ ಚರಿತ್ರೆ ಬರೆದವರು ಹಾಗೆ ಹೇಳುತ್ತಾರೆ.

ಅತ್ತರು. ಆದರೆ ಆಮೇಲೆ ಮಾಡಿದ್ದನ್ನು ನೋಡಿ. ನ್ಯೂಕೋಂಬ್ ಹೇಳಿದ ಎರಡನ್ನೂ ಮಾಡಿದರು. ತಮ್ಮ ಸಂಬಳದಲ್ಲೇ ದುಡ್ಡು ಕೊಟ್ಟು ಗಣಿತಕ್ಕೆ ಪಾಠ ಹೇಳಿಸಿಕೊಂಡರು. ಧೂಮಕೇತುಗಳನ್ನೂ ಹುಡುಕಿದರು. ಹಗಲು ಸ್ಟುಡಿಯೋ ಕೆಲಸ, ಸಾಯಂಕಾಲ ಪಾಠ, ರಾತ್ರಿ ಆಕಾಶ. ಯಾವಾಗ ಮಲಗುತ್ತಿದ್ದರೋ ದೇವರಿಗೇ ಗೊತ್ತು.

1881ರ ಜನವರಿಯಲ್ಲಿ ರೋಡಾ ಕ್ಯಾಲ್ವರ್ಟ್ ಎಂಬುವರ ಜೊತೆ ಮದುವೆಯಾಯಿತು. ಆಕೆ ಇಂಗ್ಲೆಂಡಿನಿಂದ ಬಂದವರು. ಆಕೆಯ ಅಣ್ಣತಮ್ಮಂದಿರೂ ಅದೇ ಸ್ಟುಡಿಯೋದಲ್ಲಿದ್ದರು. ಗಂಡ ರಾತ್ರಿಯೆಲ್ಲ ಆಕಾಶ ನೋಡುತ್ತಿದ್ದರೆ ಆಕೆ ಕಾಯಿಲೆಯ ಅತ್ತೆಯ ಆರೈಕೆ ಮಾಡಿದರು. ಆಗ ವಾರ್ನರ್ ಎಂಬ ಸಾಹುಕಾರರು ಹೊಸ ಧೂಮಕೇತು ಕಂಡವರಿಗೆ 200 ಡಾಲರ್ ಬಹುಮಾನ ಕೊಡುವುದಾಗಿ ಸಾರಿದ್ದರು. 1881ರ ಸೆಪ್ಟೆಂಬರಿನಲ್ಲಿ ಬರ್ನಾರ್ಡ್ ಅವರಿಗೆ ಒಂದು ಧೂಮಕೇತು ಸಿಕ್ಕಿತು. 200 ಡಾಲರ್ ಬಂತು. ಅದನ್ನು ನಂಬಿಕೊಂಡು ಸಾಲ ಮಾಡಿ ಒಂದು ಸಣ್ಣ ಮನೆ ಕಟ್ಟಿಸಿದರು. ಸಾಲದ ಕಂತು ಹತ್ತಿರ ಬಂದಾಗಲೆಲ್ಲ ಹೊಸ ಧೂಮಕೇತು ಹುಡುಕಿ ಬಹುಮಾನ ತಂದು ಕಟ್ಟುತ್ತಿದ್ದರು. ಆ ಮನೆಗೆ ಧೂಮಕೇತು ಮನೆ ಅಂತಲೇ ಹೆಸರಾಯಿತು. ಧೂಮಕೇತು ಕಂಡರೆ ಕೆಡುಕು ಅಂತ ನಮ್ಮಜ್ಜಿ ಹೇಳುತ್ತೆ. ಬರ್ನಾರ್ಡ್ ಅವರಿಗೆ ಅದು ಮನೆಯನ್ನೇ ಕಟ್ಟಿಕೊಟ್ಟಿತು.

1883ರಲ್ಲಿ ಅವರ ಊರಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಇವರನ್ನು ಕರೆದರು. ಅಲ್ಲಿಯ ಸಣ್ಣ ವೀಕ್ಷಣಾಲಯ ನೋಡಿಕೊಳ್ಳುವುದು, ಜೊತೆಗೆ ಓದುವುದು. ಹದಿನೇಳು ವರ್ಷದ ಸ್ಟುಡಿಯೋ ಕೆಲಸ ಬಿಟ್ಟು ಬರ್ನಾರ್ಡ್ 25ನೇ ವಯಸ್ಸಿನಲ್ಲಿ ತರಗತಿಯಲ್ಲಿ ಕೂತರು. ಮದುವೆಯಾದವರು, ಮನೆ ಯಜಮಾನರು, ತಮಗಿಂತ ಚಿಕ್ಕ ಹುಡುಗರ ಪಕ್ಕ ಕೂತು ಗಣಿತ, ಭೌತಶಾಸ್ತ್ರ ಕಲಿತರು. ನಾಚಿಕೆ ಪಡಲಿಲ್ಲ. ಅಲ್ಲಿ ಅವರು ಪೂರ್ತಿ ಪದವಿ ಮುಗಿಸಲಿಲ್ಲ. ಆದರೆ ಮುಂದೆ ಅದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ಕೊಟ್ಟಿತು. ಆ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟದ್ದು ಅವರೊಬ್ಬರಿಗೇ.

ಈಗ ಚಂದ್ರನ ವಿಷಯಕ್ಕೆ ಬರುತ್ತೇನೆ.

ಅಮೆರಿಕದ ಪಶ್ಚಿಮದ ತುದಿಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ. ಅಲ್ಲಿ ಹ್ಯಾಮಿಲ್ಟನ್ ಎಂಬ ಬೆಟ್ಟದ ಮೇಲೆ 1888ರಲ್ಲಿ ಲಿಕ್ ವೀಕ್ಷಣಾಲಯ ಶುರುವಾಯಿತು. ಜೇಮ್ಸ್ ಲಿಕ್ ಎಂಬ ಶ್ರೀಮಂತರು ಬಿಟ್ಟುಹೋದ ಹಣದಿಂದ ಕಟ್ಟಿದ್ದು. ಅವರ ಸಮಾಧಿ ಇರುವುದೂ ಆ ದೂರದರ್ಶಕದ ಕಂಬದ ಕೆಳಗೇ. ಆ ದೂರದರ್ಶಕದ ಮಸೂರ 36 ಇಂಚು ಅಗಲ. ಆಗ ಜಗತ್ತಿನಲ್ಲಿ ಅಷ್ಟು ದೊಡ್ಡ ಮಸೂರದ ದೂರದರ್ಶಕ ಇನ್ನೊಂದಿರಲಿಲ್ಲ. ಬರ್ನಾರ್ಡ್ ಅವರಿಗೆ ಅಲ್ಲಿ ಕೆಲಸ ಸಿಕ್ಕಿತು. ಆದರೆ ಅವರು ಕಿರಿಯರು. ದೊಡ್ಡ ದೂರದರ್ಶಕ ಹಿರಿಯರಿಗೆ, ಇವರಿಗೆ ಸಣ್ಣವು. ಇವರು ಎಷ್ಟು ಸಲ ಕೇಳಿದರೂ ನಿರ್ದೇಶಕರು ದೊಡ್ಡದನ್ನು ಕೊಡಲಿಲ್ಲ.

ಬರ್ನಾರ್ಡ್ ಮುನಿಸಿಕೊಂಡರು, ನಿಜ. ಆದರೆ ಸುಮ್ಮನೆ ಕೂರಲಿಲ್ಲ. ಯಾವುದೋ ಸ್ಟುಡಿಯೋದಲ್ಲಿ ಮುಖದ ಫೋಟೋ ತೆಗೆಯಲು ಬಳಸುತ್ತಿದ್ದ ಹಳೇ ಮಸೂರವೊಂದು ಅಲ್ಲಿತ್ತು. ಅದನ್ನೇ ಕಟ್ಟಿಕೊಂಡು ಆಕಾಶಗಂಗೆಯ ಫೋಟೋ ತೆಗೆದರು. ಒಂದೊಂದು ಫೋಟೋಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ನಕ್ಷತ್ರ ಸರಿದಂತೆ ಯಂತ್ರವನ್ನು ಕೈಯಿಂದ ಸರಿಸುತ್ತಿರಬೇಕು. ಒಂಬತ್ತನೇ ವರ್ಷದಲ್ಲಿ ಸೂರ್ಯನನ್ನು ಕಾಯುತ್ತಾ ಕಲಿತಿದ್ದರಲ್ಲ, ಅದೇ ಕೆಲಸ. ಅವರ ಆ ಚಿತ್ರಗಳಲ್ಲಿ ಆಕಾಶಗಂಗೆಯ ಮೋಡದಂಥ ರಾಶಿಗಳೆಲ್ಲ ಸ್ಪಷ್ಟವಾಗಿ ಬಂದವು.

ಕೊನೆಗೆ 1892ರ ಬೇಸಿಗೆಯಲ್ಲಿ ದೊಡ್ಡ ದೂರದರ್ಶಕ ವಾರಕ್ಕೆ ಒಂದು ರಾತ್ರಿ ಇವರ ಪಾಲಿಗೆ ಬಂತು. ಶುಕ್ರವಾರದ ರಾತ್ರಿ.

1892ರ ಸೆಪ್ಟೆಂಬರ್ 9, ಶುಕ್ರವಾರ. ಅವರು ಗುರು ಗ್ರಹವನ್ನು ನೋಡುತ್ತಿದ್ದರು. ಗುರುವಿಗೆ ನಾಲ್ಕು ಚಂದ್ರರಿದ್ದಾರೆ ಅಂತ 1610ರಲ್ಲಿ ಗೆಲಿಲಿಯೋ ಕಂಡುಹಿಡಿದಿದ್ದರು. ಅದಾದ ಮೇಲೆ 282 ವರ್ಷ ಎಷ್ಟೋ ಜನ ದೊಡ್ಡ ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಐದನೆಯದು ಯಾರಿಗೂ ಸಿಕ್ಕಿರಲಿಲ್ಲ. ಗುರುವಿಗೆ ನಾಲ್ಕೇ ಅಂತ ಪುಸ್ತಕಗಳಲ್ಲಿ ಬರೆದು ಮುಗಿಸಿದ್ದರು.

ಯಾಕೆ ಕಾಣಲಿಲ್ಲ ಅಂದರೆ, ಗುರುವಿನ ಬೆಳಕು ಕಣ್ಣು ಕುಕ್ಕುತ್ತದೆ. ಜಾತ್ರೆಯಲ್ಲಿ ಉರಿಯುವ ಪೆಟ್ರೋಮ್ಯಾಕ್ಸಿನ ಪಕ್ಕ ಒಂದು ಮಿಂಚುಹುಳ ಹಾರಿದರೆ ನಮಗೆ ಕಾಣುತ್ತಾ? ಕಾಣಲ್ಲ. ದೀಪವನ್ನು ಕೈಯಿಂದ ಮರೆ ಮಾಡಿದರೆ ಕಾಣಬಹುದು. ಬರ್ನಾರ್ಡ್ ಹಾಗೇ ಮಾಡಿದರು. ಗುರು ಗ್ರಹವನ್ನು ದೂರದರ್ಶಕದ ಅಂಚಿನಿಂದ ಸ್ವಲ್ಪ ಆಚೆಗೆ ಸರಿಸಿ, ಪಕ್ಕದ ಕತ್ತಲನ್ನು ಮಾತ್ರ ದಿಟ್ಟಿಸಿದರು. ಸುಮಾರು ನಡುರಾತ್ರಿಯ ಹೊತ್ತಿಗೆ ಗುರುವಿನ ಹತ್ತಿರ ಒಂದು ಸಣ್ಣ ಚುಕ್ಕೆ ಕಾಣಿಸಿತು. ಸಾಸಿವೆಗಿಂತ ಸಣ್ಣದು. ಅದು ದೂರದ ನಕ್ಷತ್ರವೇ ಇರಬಹುದು. ಆದರೆ ನೋಡುತ್ತಾ ನೋಡುತ್ತಾ ಆ ಚುಕ್ಕೆ ಗುರುವಿನ ಜೊತೆಗೇ ಸಾಗುತ್ತಿತ್ತು. ನಕ್ಷತ್ರ ಹಾಗೆ ಜೊತೆಗೆ ಬರುವುದಿಲ್ಲ.

ಬೇರೆಯವರಾಗಿದ್ದರೆ ಆಗಲೇ ಡಂಗುರ ಹೊಡೆಯುತ್ತಿದ್ದರು. ನಾನಂತೂ ಹೊಡೆಯುತ್ತಿದ್ದೆ. ಬರ್ನಾರ್ಡ್ ಅವಸರ ಪಡಲಿಲ್ಲ. ಮರುದಿನ ಶನಿವಾರ, ಅವರ ಸರದಿ ಅಲ್ಲ. ಸರದಿಯಲ್ಲಿದ್ದ ಹಿರಿಯ ಸಹೋದ್ಯೋಗಿ ದೊಡ್ಡ ಮನಸ್ಸು ಮಾಡಿ ತಮ್ಮ ರಾತ್ರಿಯನ್ನು ಇವರಿಗೆ ಬಿಟ್ಟುಕೊಟ್ಟರು. ಆ ಚುಕ್ಕೆ ಮತ್ತೆ ಕಂಡಿತು. ಅಳತೆ ಮಾಡಿದರು. ಸಂಶಯ ಉಳಿಯಲಿಲ್ಲ. ಗುರುವಿಗೆ ಐದನೇ ಚಂದ್ರ! ತಂತಿ ಮೂಲಕ ಸುದ್ದಿ ಹೋಯಿತು. ಸ್ಟುಡಿಯೋದಲ್ಲಿ ಚಕ್ರ ತಿರುಗಿಸುತ್ತಿದ್ದ ಹುಡುಗ ಗೆಲಿಲಿಯೋ ಪಕ್ಕದಲ್ಲಿ ನಿಂತ. ಅವನು ಅಂತ ಬರೆದುಬಿಟ್ಟೆ, ಇರಲಿ, ಹುಡುಗನ ನೆನಪಾಯಿತು.

ಈ ಚಂದ್ರನಿಗೆ ಹೆಸರೇನು ಇಡುವುದು ಅಂತ ಎಷ್ಟೋ ಜನ ಎಷ್ಟೋ ಹೆಸರು ಸೂಚಿಸಿದರು. ಬರ್ನಾರ್ಡ್ ಅವರಿಗೆ ಐದನೇ ಚಂದ್ರ ಅಂದರೆ ಸಾಕಾಗಿತ್ತು. ಫ್ರಾನ್ಸ್ ದೇಶದ ಫ್ಲಾಮರಿಯೋನ್ ಎಂಬುವರು ಅಮಾಲ್ಥಿಯಾ ಅಂದರು. ಗ್ರೀಕರ ಪುರಾಣದಲ್ಲಿ ದೇವತೆಗಳ ರಾಜನನ್ನು ಮಗುವಾಗಿದ್ದಾಗ ಮೇಕೆ ಹಾಲು ಕುಡಿಸಿ ಸಾಕಿದವಳು ಅಮಾಲ್ಥಿಯಾ. ಆ ದೇವರಾಜನಿಗೇ ರೋಮಿನವರು ಜುಪಿಟರ್ ಅನ್ನುವುದು. ಆ ಹೆಸರು ಬಳಕೆಯಲ್ಲಿ ಇದ್ದರೂ ಅಧಿಕೃತವಾಗಿ ಒಪ್ಪಿಗೆಯಾದದ್ದು 1976ರಲ್ಲಿ.

ಅಮಾಲ್ಥಿಯಾ ನಮ್ಮ ಚಂದ್ರನ ಹಾಗೆ ದುಂಡಗಿಲ್ಲ. ಆಲೂಗಡ್ಡೆ ತರಹ ಇದೆ. ಉದ್ದ ಸುಮಾರು 250 ಕಿಲೋಮೀಟರ್, ಅಗಲ ಸುಮಾರು 146. ಬೆಂಗಳೂರಿನಿಂದ ಮೈಸೂರಿಗೆ ಎಷ್ಟು ದೂರವೋ ಸುಮಾರು ಅಷ್ಟೇ ಅಗಲ! ಬಣ್ಣ ಕೆಂಪು. ನಮ್ಮ ಚಂದ್ರ ಭೂಮಿಯಿಂದ 3,84,000 ಕಿಲೋಮೀಟರ್ ದೂರದಲ್ಲಿದೆ. ಇದು ಗುರುವಿನ ನಡುಮಧ್ಯದಿಂದ 1,81,000 ಕಿಲೋಮೀಟರ್ ದೂರದಲ್ಲಿದೆ, ಅಷ್ಟೇ. ಅದಕ್ಕೇ ಅದು ಗುರುವಿನ ಬೆಳಕಿನಲ್ಲಿ ಅಡಗಿತ್ತು. ಹನ್ನೆರಡು ಗಂಟೆಗೆ ಮೂರು ನಿಮಿಷ ಕಮ್ಮಿ ಇರುವಾಗಲೇ ಒಂದು ಸುತ್ತು ಮುಗಿಸುತ್ತೆ. ನಾವು ಬೆಳಗ್ಗೆ ಎದ್ದು ಸಾಯಂಕಾಲ ದೀಪ ಹಚ್ಚುವಷ್ಟರಲ್ಲಿ ಒಂದು ಸುತ್ತು. ಅಲ್ಲಿ ನಿಂತು ನೋಡಿದರೆ ಗುರು ಗ್ರಹ ದಿಗಂತದಿಂದ ನೆತ್ತಿಯ ಅರ್ಧದವರೆಗೆ ತುಂಬಿಕೊಂಡಿರುತ್ತದೆ.

1979ರಲ್ಲಿ ವಾಯೇಜರ್ ನೌಕೆಗಳು ಅದರ ಚಿತ್ರ ಕಳಿಸಿದವು. 2002ರ ನವೆಂಬರ್ 5ರಂದು ಗೆಲಿಲಿಯೋ ಎಂಬ ನೌಕೆ ಅದರ ಹತ್ತಿರದಲ್ಲೇ ಹಾದುಹೋಯಿತು. ಅದರ ಸಾಂದ್ರತೆ ನೀರಿಗಿಂತಲೂ ಕಮ್ಮಿ ಅಂತ ಆಗ ತಿಳಿಯಿತು. ಅಂದರೆ ಗಟ್ಟಿ ಬಂಡೆ ಅಲ್ಲ, ಒಳಗೆಲ್ಲ ಸಂದು ಸಂದು ಇರುವ ಚೂರುಗಳ ಗುಡ್ಡೆ. ಇವತ್ತಿಗೆ ಗುರುವಿಗೆ 90ಕ್ಕೂ ಹೆಚ್ಚು ಚಂದ್ರರು ಸಿಕ್ಕಿದ್ದಾರೆ. ಆದರೆ ಆರನೆಯದರಿಂದ ಮುಂದಿನವೆಲ್ಲ ಫೋಟೋಗಳಲ್ಲಿ, ನೌಕೆಗಳ ಚಿತ್ರಗಳಲ್ಲಿ ಸಿಕ್ಕಿದವು. ಭೂಮಿಯ ಮೇಲೆ ನಿಂತು ದೂರದರ್ಶಕಕ್ಕೆ ಕಣ್ಣಿಟ್ಟು ಮನುಷ್ಯ ತಾನೇ ಕಂಡುಹಿಡಿದ ಕೊನೆಯ ಚಂದ್ರ ಇದೇ. ಯಾವ ಗ್ರಹದ್ದೇ ಆಗಲಿ, ಅದಾದ ಮೇಲೆ ಇನ್ನೊಂದಿಲ್ಲ.

1895ರಲ್ಲಿ ಬರ್ನಾರ್ಡ್ ಲಿಕ್ ಬಿಟ್ಟು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದರು. ಅವರದೇ ಯರ್ಕಿಸ್ ವೀಕ್ಷಣಾಲಯ 1897ರಲ್ಲಿ ತಯಾರಾಯಿತು. ಅಲ್ಲಿಯ ಮಸೂರ 40 ಇಂಚು. ಅದೇ ವರ್ಷ ಮೇ 29ರಂದು ಒಂದು ಅಪಾಯ ತಪ್ಪಿತು. ದೊಡ್ಡ ದೂರದರ್ಶಕದ ಕೋಣೆಯಲ್ಲಿ ಮೇಲೆ ಕೆಳಗೆ ಏರಿಸಿ ಇಳಿಸುವ ನೆಲ ಇತ್ತು. ಬರ್ನಾರ್ಡ್ ರಾತ್ರಿಯೆಲ್ಲ ಅದರ ಮೇಲೆ ಕೆಲಸ ಮಾಡಿ ಹೊರಟುಹೋದ ಕೆಲವೇ ಗಂಟೆಗಳಲ್ಲಿ ಆ ನೆಲ ಪೂರಾ ಕುಸಿದುಬಿತ್ತು. ಆಯಸ್ಸು ಗಟ್ಟಿ ಇತ್ತು. ಅದೇ ವರ್ಷ ಇಂಗ್ಲೆಂಡಿನ ರಾಯಲ್ ಖಗೋಳ ಸಂಘ ಅವರಿಗೆ ಚಿನ್ನದ ಪದಕ ಕೊಟ್ಟಿತು.

ಆಕಾಶಗಂಗೆಯ ನಡುನಡುವೆ ಕಪ್ಪು ಕಪ್ಪು ಜಾಗಗಳಿವೆ. ಅವು ನಕ್ಷತ್ರಗಳೇ ಇಲ್ಲದ ತೂತುಗಳು ಅಂತ ಆಗ ಬಹಳ ಜನ ನಂಬಿದ್ದರು. ಬರ್ನಾರ್ಡ್ ಕೂಡ ಮೊದಲು ಹಾಗೇ ಅಂದುಕೊಂಡಿದ್ದರು. ವರ್ಷಗಟ್ಟಲೆ ಫೋಟೋ ತೆಗೆದು ನೋಡಿದ ಮೇಲೆ ಅವರ ಅಭಿಪ್ರಾಯ ಬದಲಾಯಿತು. ತೂತಲ್ಲ, ಹಿಂದಿನ ನಕ್ಷತ್ರಗಳಿಗೆ ಅಡ್ಡ ನಿಂತ ಕತ್ತಲೆ ಮೋಡಗಳು. 1919ರಲ್ಲಿ ಅಂಥ 182 ಜಾಗಗಳ ಪಟ್ಟಿ ಪ್ರಕಟಿಸಿದರು. ತಾನು ಮೊದಲು ಅಂದುಕೊಂಡಿದ್ದನ್ನು ತಾನೇ ತಿದ್ದಿಕೊಳ್ಳುವುದು ಎಷ್ಟು ದೊಡ್ಡ ಗುಣ ನೋಡಿ.

1916ರಲ್ಲಿ ಒಂದು ಮಂಕು ನಕ್ಷತ್ರ ಬೇರೆಲ್ಲ ನಕ್ಷತ್ರಗಳಿಗಿಂತ ವೇಗವಾಗಿ ಆಕಾಶದಲ್ಲಿ ಜಾಗ ಬದಲಾಯಿಸುತ್ತಿರುವುದನ್ನು ಕಂಡರು. ಅದಕ್ಕೆ ಬರ್ನಾರ್ಡ್ ನಕ್ಷತ್ರ ಅಂತಲೇ ಹೆಸರು. ನಮ್ಮಿಂದ ಸುಮಾರು 6 ಜ್ಯೋತಿರ್ವರ್ಷ ದೂರ. ಅದರ ಸುತ್ತ ಒಂದು ಗ್ರಹ ಇದೆ ಅಂತ 2024ರಲ್ಲೂ, ಒಟ್ಟು ನಾಲ್ಕು ಇವೆ ಅಂತ 2025ರಲ್ಲೂ ವಿಜ್ಞಾನಿಗಳು ತಿಳಿಸಿದರು.

ಕೊನೆಗಾಲದಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಬಂತು. ರಾತ್ರಿ ಚಳಿಯಲ್ಲಿ ಕೂರಬೇಡಿ ಅಂದರೂ ಬಿಟ್ಟಿರಲು ಆಗುತ್ತಿರಲಿಲ್ಲ. ಆಕಾಶಗಂಗೆಯ ತಮ್ಮ ಚಿತ್ರಗಳ ಒಂದು ದೊಡ್ಡ ಪುಸ್ತಕ ತರಬೇಕು ಅಂತ ಅವರ ಆಸೆ. 700 ಪ್ರತಿ, ಪ್ರತಿಯೊಂದರಲ್ಲೂ ಅಚ್ಚು ಮಾಡಿದ್ದಲ್ಲ, ನಿಜವಾದ ಫೋಟೋಗಳು. ಒಟ್ಟು 35,000ಕ್ಕೂ ಹೆಚ್ಚು ಫೋಟೋಗಳನ್ನು ಒಂದೊಂದಾಗಿ ಅವರೇ ಪರೀಕ್ಷಿಸಿದರು. 1921ರಲ್ಲಿ ಹೆಂಡತಿ ರೋಡಾ ತೀರಿಕೊಂಡರು. ಮಕ್ಕಳಿರಲಿಲ್ಲ. 1923ರ ಫೆಬ್ರವರಿ 6ರಂದು ಬರ್ನಾರ್ಡ್ ಅವರೂ ತೀರಿಕೊಂಡರು. ಆಗ 65 ವರ್ಷ. ಹುಟ್ಟಿದ ನ್ಯಾಶ್‌ವಿಲ್ಲಿನಲ್ಲೇ ಮಣ್ಣು ಮಾಡಿದರು. ಉಳಿದಿದ್ದ ಪುಸ್ತಕದ ಕೆಲಸವನ್ನು ವೀಕ್ಷಣಾಲಯದ ನಿರ್ದೇಶಕ ಎಡ್ವಿನ್ ಫ್ರಾಸ್ಟ್ ಮತ್ತು ರೋಡಾ ಅವರ ಸಂಬಂಧಿ ಮೇರಿ ಕ್ಯಾಲ್ವರ್ಟ್ ಸೇರಿ ಮುಗಿಸಿದರು. ಅದು ಹೊರಬಂದದ್ದು 1927ರಲ್ಲಿ.

ಇಲ್ಲಿಗೆ ಬರ್ನಾರ್ಡ್ ಅವರ ಚರಿತ್ರೆ ಮುಗಿಯಿತು. ಇನ್ನು ನಾನು ಹೇಳುತ್ತೇನೆ ಅಂದಿದ್ದ ಕಾರಣ.

ಆರನೇ ತರಗತಿವರೆಗೆ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಈ ವರ್ಷ ಶಾಲೆಗೆ ಬರಲಿಲ್ಲ. ಹೆಸರು ಬರೆಯಲ್ಲ, ಎಲ್ಲರಿಗೂ ಗೊತ್ತು. ಅವರಪ್ಪನಿಗೆ ಹುಷಾರಿಲ್ಲ. ಅವನು ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋಕ್ಕೆ ಸೇರಿಕೊಂಡಿದ್ದಾನೆ. ಮದುವೆಗಳಲ್ಲಿ ಲೈಟು ಹಿಡಿದು ನಿಲ್ಲುತ್ತಾನೆ. ಮೇಷ್ಟ್ರು ಎರಡು ಸಲ ಅವರ ಮನೆಗೆ ಹೋಗಿ ಬಂದರು. ಸಂತೆ ದಿನ ನನಗೆ ಸಿಕ್ಕಾಗ ಅವನು, ದೊಡ್ಡ ದೊಡ್ಡವರೆಲ್ಲ ಶಾಲೆಗೆ ಹೋಗಿಯೇ ದೊಡ್ಡವರಾದರಾ ಅಂತ ನನ್ನನ್ನೇ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಬರ್ನಾರ್ಡ್ ಕಥೆ ಮೊದಲು ಕೇಳಿದಾಗ ಅವನು ಹೇಳಿದ್ದೇ ಸರಿ ಅನ್ನಿಸಿಬಿಟ್ಟಿತು. ಎರಡೇ ತಿಂಗಳು ಶಾಲೆ, ಆದರೂ ಎಷ್ಟು ದೊಡ್ಡವರಾದರು! ಆದರೆ ಪೂರ್ತಿ ಓದಿದ ಮೇಲೆ ಹಾಗಲ್ಲ ಅನ್ನಿಸಿತು. ಶಾಲೆ ತಪ್ಪಿದ್ದಕ್ಕೆ ಕಂಬದ ಮರೆಯಲ್ಲಿ ನಿಂತು ಅತ್ತವರು ಅವರು. ದುಡ್ಡು ಕೊಟ್ಟು ಗಣಿತ ಕಲಿತವರು ಅವರು. 25 ವರ್ಷಕ್ಕೆ ಮತ್ತೆ ಬೆಂಚಿನ ಮೇಲೆ ಕೂತವರು ಅವರು. ನನ್ನ ಗೆಳೆಯನಿಗೆ ಈಗ 13. ತಡವೇನೂ ಆಗಿಲ್ಲ. ಲೈಟು ಹಿಡಿದು ಅಲುಗಾಡದೆ ನಿಲ್ಲುವುದು ಸಣ್ಣ ಕೆಲಸ ಅಂತ ನಾನು ಹೇಳಲ್ಲ, ಸೂರ್ಯನನ್ನು ಕಾಯುವುದೂ ಸಣ್ಣ ಕೆಲಸ ಆಗಿರಲಿಲ್ಲ. ಆದರೆ ಅದೊಂದೇ ಸಾಲದು ಅಂತ ಬರ್ನಾರ್ಡ್ ಅವರಿಗೇ ಗೊತ್ತಿತ್ತು.

ಗೋಡೆ ಪತ್ರಿಕೆ ಜಗಲಿಯ ಮೇಲೇ ಇರುತ್ತದೆ. ಭಾನುವಾರವೂ ಓದಬಹುದು. ಅದಕ್ಕೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಾಲ್ಕು ಹಾಳೆ ಹಿಡಿಯಿತು. ಅವನು ಊರಿಗೆ ಬಂದಾಗ ಯಾರಾದರೂ ಕರೆದುಕೊಂಡು ಬಂದು ತೋರಿಸಿ. ಗಣಿತದಲ್ಲಿ ಇಲ್ಲಿಯವರೆಗೆ ಆದ ಪಾಠವನ್ನೆಲ್ಲ ಅವನಿಗಾಗಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಬೀಜಗಣಿತ ನನಗೇ ಸರಿಯಾಗಿ ಬರಲ್ಲ, ಅದನ್ನು ಇಬ್ಬರೂ ಸೇರಿ ಮೇಷ್ಟ್ರ ಹತ್ತಿರ ಕೇಳೋಣ. ಬೆಂಚಿನಲ್ಲಿ ಅವನ ಜಾಗಕ್ಕೆ ಯಾರನ್ನೂ ಕೂರಿಸಿಕೊಂಡಿಲ್ಲ.

ಬರಹದಲ್ಲಿ ತಪ್ಪಿದ್ದರೆ ದೊಡ್ಡವರು ತಿದ್ದಬೇಕು, ಚಿಕ್ಕವರು ನಗಬಾರದು.

ಇಂತಿ ನಿಮ್ಮ ಪ್ರೀತಿಯ,
7ನೇ ತರಗತಿ, ಕೊನೇ ಸಾಲಿನ ಬೆಂಚಿನವನು